ಐಟಿಐಗೂ ಕಾರ್ಖಾನೆಗೂ ನಂಟು ಬೆಸೆಯುವ ಸರ್ಕಾರಿ ವ್ಯವಸ್ಥೆಗಳು: ಒಂದು ವಿಮರ್ಶೆ

ಕೈಗಾರಿಕಾ ತರಬೇತಿ ಸಂಸ್ಥೆಯ (ಐಟಿಐ) ಪ್ರಾಂಶುಪಾಲರೊಬ್ಬರು ಅಥವಾ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು ಪರಸ್ಪರ ಕೈಜೋಡಿಸಬೇಕೆಂದು ಹೊರಟರೆ ಅವರ ಮುಂದೆ ಇಂದು ಮುಖ್ಯವಾಗಿ ಎರಡು ಸರ್ಕಾರಿ ವ್ಯವಸ್ಥೆಗಳಿವೆ. ಮೊದಲನೆಯದು, ಕಾರ್ಖಾನೆಯಲ್ಲಿ ಸ್ಟೈಪೆಂಡು (ತಿಂಗಳ ಭತ್ಯೆ) ಪಡೆಯುತ್ತ ಕೆಲಸ ಕಲಿಯುವವರಿಗಾಗಿ ಇರುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಮತ್ತು ಅದು ನಡೆಯುವ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಎರಡನೆಯದು ಡ್ಯುಯಲ್ ಸಿಸ್ಟಂ ಆಫ್ ಟ್ರೈನಿಂಗ್, ಅಂದರೆ ಪಾಠ ಸಂಸ್ಥೆಯಲ್ಲಿ, ಕೈಕೆಲಸ ಕಾರ್ಖಾನೆಯಲ್ಲಿ ಎಂಬ ಜೋಡಿ ತರಬೇತಿ. ಎರಡೂ ಆರಂಭವಾದದ್ದು 2016ರಲ್ಲಿ. ಐಟಿಐಯೊಂದರಲ್ಲಿ ತರಬೇತಿಯ ಜತೆಗೆ ಮಕ್ಕಳ ಪ್ಲೇಸ್‌ಮೆಂಟ್ ಕೆಲಸವನ್ನೂ ನೋಡಿಕೊಳ್ಳುವವನಾಗಿ ಈ ಎರಡನ್ನೂ ಬಳಸುತ್ತ ಬಂದಿದ್ದೇನೆ. ಇವುಗಳಲ್ಲಿ ಯಾವುದು ಯಾರಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ, ಬಳಸುವವರು ಮೊದಲೇ ತಿಳಿದಿರಬೇಕಾದದ್ದೇನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಎರಡರಲ್ಲಿ ಜೋಡಿ ತರಬೇತಿಯೇ ಮೇಲು. ಆದರೆ ಎರಡೂ ವ್ಯವಸ್ಥೆಗಳು ಸ್ಟೈಪೆಂಡಿಗೆ, ಯಂತ್ರಕ್ಕೆ, ಕಾಗದಕ್ಕೆ ಜಾಗ ಮಾಡಿಕೊಟ್ಟಿವೆಯೇ ಹೊರತು, ಹುಡುಗನ ಪಕ್ಕದಲ್ಲಿ ನಿಂತು ಕೆಲಸ ಕಲಿಸುವ ಮನುಷ್ಯನಿಗೆ ಮತ್ತು ಸಂಸ್ಥೆಯಿಂದ ಕಾರ್ಖಾನೆಗೆ ಓಡಾಡುವ ಮನುಷ್ಯನಿಗೆ ಜಾಗ ಮಾಡಿಕೊಟ್ಟಿಲ್ಲ.

ಮೊದಲು ಅಪ್ರೆಂಟಿಸ್‌ಶಿಪ್. ಇದರ ಬುನಾದಿ 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸಂಸ್ಥೆ, ಗುತ್ತಿಗೆ ಕೆಲಸಗಾರರನ್ನೂ ಸೇರಿಸಿ ಲೆಕ್ಕ ಹಾಕಿದ ತನ್ನ ಒಟ್ಟು ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಂದರೆ 200 ಜನರ ಕಾರ್ಖಾನೆಯಲ್ಲಿ ಕನಿಷ್ಠ ಐವರು, ಹೆಚ್ಚೆಂದರೆ ಮೂವತ್ತು ಮಂದಿ. ನಾಲ್ಕರಿಂದ 29 ಜನರಿರುವ ಸಂಸ್ಥೆಗಳಿಗೆ ಇದು ಕಡ್ಡಾಯವಲ್ಲ, ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ನಿಯಮ ಮುರಿದ ಮಾಲೀಕನಿಗೆ ಹಿಂದೆ ಜೈಲು ಶಿಕ್ಷೆಯ ಭಯವಿತ್ತು. 2014ರ ತಿದ್ದುಪಡಿ ಅದನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ಅದೇ ತಿದ್ದುಪಡಿ, ಸರ್ಕಾರ ಪಟ್ಟಿ ಮಾಡಿದ ಟ್ರೇಡುಗಳ (ಕಸುಬುಗಳ) ಆಚೆಗೂ ಕಾರ್ಖಾನೆ ತನಗೆ ಬೇಕಾದ ಕೆಲಸಕ್ಕೆ ತಾನೇ ಪಠ್ಯ ರೂಪಿಸಿಕೊಳ್ಳಬಹುದಾದ ಐಚ್ಛಿಕ ಟ್ರೇಡುಗಳಿಗೆ ದಾರಿ ತೆರೆಯಿತು. ಹೋಟೆಲು, ಚಿಲ್ಲರೆ ಮಾರಾಟ, ಸರಕು ಸಾಗಣೆಯಂಥ ಕ್ಷೇತ್ರಗಳು ಅಪ್ರೆಂಟಿಸ್ ಲೆಕ್ಕಕ್ಕೆ ಬಂದದ್ದು ಹೆಚ್ಚಾಗಿ ಈ ದಾರಿಯಲ್ಲಿಯೇ.

ಪೋರ್ಟಲಿನ ಬಳಕೆ ಹೇಗೆ? ಕಾರ್ಖಾನೆ ನೋಂದಾಯಿಸಿಕೊಳ್ಳಬೇಕು, ತನ್ನಲ್ಲಿರುವ ಅವಕಾಶಗಳನ್ನು ಪ್ರಕಟಿಸಬೇಕು. ಅಭ್ಯರ್ಥಿ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು ನೋಂದಾಯಿಸಿಕೊಂಡು ಅರ್ಜಿ ಹಾಕಬೇಕು. ಇಬ್ಬರೂ ಒಪ್ಪಿದ ಮೇಲೆ ಅಲ್ಲಿಯೇ ಒಪ್ಪಂದ ಸಿದ್ಧವಾಗುತ್ತದೆ. ಹಿಂದೆ ಇದೇ ಒಪ್ಪಂದಕ್ಕಾಗಿ ಹುಡುಗರು ಮೂರು ಪ್ರತಿ ಕಾಗದ ಹಿಡಿದು ಕಚೇರಿಗಳಿಗೆ ಅಲೆಯುತ್ತಿದ್ದ ಕಾಲವನ್ನು ಕಂಡವರಿಗೆ ಇದು ದೊಡ್ಡ ಸುಧಾರಣೆ, ಅದನ್ನು ಮನಸಾರೆ ಒಪ್ಪಿಕೊಳ್ಳಬೇಕು. 2023ರ ಆಗಸ್ಟಿನಲ್ಲಿ ಬಂದ ಇನ್ನೊಂದು ಬದಲಾವಣೆ ಇದಕ್ಕಿಂತಲೂ ಮುಖ್ಯವಾದದ್ದು. ಸ್ಟೈಪೆಂಡಿನಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 25, ಗರಿಷ್ಠ ತಿಂಗಳಿಗೆ 1,500 ರೂಪಾಯಿ. ಮೊದಲು ಮಾಲೀಕನೇ ಪೂರ್ತಿ ಹಣ ಕೊಟ್ಟು, ಆಮೇಲೆ ಬಿಲ್ಲು ಹಾಕಿ ಸರ್ಕಾರದಿಂದ ವಾಪಸು ಪಡೆಯಬೇಕಿತ್ತು. ಸಣ್ಣ ಕಾರ್ಖಾನೆಯವರು ಈ ಯೋಜನೆಯಿಂದ ದೂರ ನಿಲ್ಲಲು ಆ ಕಾಯುವಿಕೆಯೇ ದೊಡ್ಡ ಕಾರಣವಾಗಿತ್ತು. ಈಗ ಸರ್ಕಾರದ ಪಾಲು ನೇರವಾಗಿ ಅಪ್ರೆಂಟಿಸಿನ ಖಾತೆಗೆ ಬೀಳುತ್ತದೆ. ಮಾಲೀಕ ತನ್ನ ಪಾಲು ಕೊಟ್ಟರೆ ಮುಗಿಯಿತು.

ಇಷ್ಟು ಒಳ್ಳೆಯ ಮಾತು ಹೇಳಿದ ಮೇಲೆ, ಈ ಯೋಜನೆಯ ಲೆಕ್ಕದಲ್ಲಿಯೇ ಅಡಗಿರುವ, ಆದರೆ ಹೆಚ್ಚು ಜನ ಗಮನಿಸದ ಒಂದು ಅನ್ಯಾಯದ ಬಗ್ಗೆ ನಿಧಾನವಾಗಿ ಬರೆಯಬೇಕಾಗಿದೆ. 2019ರ ನಿಯಮದಂತೆ ಐಟಿಐ ಪಾಸಾದ ಅಪ್ರೆಂಟಿಸಿನ ಕನಿಷ್ಠ ಸ್ಟೈಪೆಂಡು ತಿಂಗಳಿಗೆ 7,000 ರೂಪಾಯಿ. ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 9,000. ಡಿಪ್ಲೊಮಾ ಮತ್ತು ಪದವಿಯವರ ಅಪ್ರೆಂಟಿಸ್‌ಶಿಪ್ ನಡೆಯುವುದು ಇನ್ನೊಂದು ಯೋಜನೆಯಡಿ, ಇನ್ನೊಂದು ಸಚಿವಾಲಯದ ಅಧೀನದಲ್ಲಿ, ಇನ್ನೊಂದು ಪೋರ್ಟಲಿನಲ್ಲಿ. ಅಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧದಷ್ಟನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಈಗ ಕಾರ್ಖಾನೆಯ ಮಾಲೀಕನ ಜಾಗದಲ್ಲಿ ಕುಳಿತು ಲೆಕ್ಕ ಹಾಕಿ. ಡಿಪ್ಲೊಮಾ ಹುಡುಗನಿಗೆ 8,000ದಲ್ಲಿ 4,000 ಸರ್ಕಾರದ್ದು, ತನ್ನ ಕೈಯಿಂದ ಹೋಗುವುದು 4,000. ಐಟಿಐ ಹುಡುಗನಿಗೆ 7,000ದಲ್ಲಿ ಸರ್ಕಾರದ್ದು 1,500, ತನ್ನ ಕೈಯಿಂದ 5,500. ಕಡಿಮೆ ಓದಿದವನು ಮಾಲೀಕನಿಗೆ ಹೆಚ್ಚು ದುಬಾರಿ! ಲೇತಿನ ಮುಂದೆ ನಿಲ್ಲಬೇಕಾದ ಜಾಗಕ್ಕೂ ಕೆಲವರು ಡಿಪ್ಲೊಮಾ ಅಪ್ರೆಂಟಿಸನ್ನೇ ಕೇಳುತ್ತಾರೆಂದರೆ ಅದಕ್ಕೆ ಅವರ ದುರಾಸೆಯನ್ನು ದೂರಬೇಕಾಗಿಲ್ಲ. ಕೇಂದ್ರದ ಎರಡು ಸಚಿವಾಲಯಗಳು ಒಂದನ್ನೊಂದು ನೋಡದೆ ಬರೆದ ಎರಡು ನಿಯಮಗಳೇ ಅವರನ್ನು ಆ ಕಡೆಗೆ ನೂಕುತ್ತವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಸ್ಟೈಪೆಂಡನ್ನು ಶೇ 36ರಷ್ಟು ಏರಿಸಿ, ಕನಿಷ್ಠ 6,800ರಿಂದ 12,300 ರೂಪಾಯಿವರೆಗೆ ಮಾಡಬೇಕೆಂದು ಶಿಫಾರಸು ಮಾಡಿತು. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಕೋಣೆ ಹಿಡಿದು ಇರುವ ಹುಡುಗನಿಗೆ 7,000 ರೂಪಾಯಿ ಎಲ್ಲಿಗೂ ಸಾಲದೆಂಬುದು ನಿಜವಾದ್ದರಿಂದ ಏರಿಕೆ ಬೇಕೇ ಬೇಕು. ಆದರೆ ಸರ್ಕಾರದ ಪಾಲಿನ 1,500ರ ಮಿತಿಯನ್ನು ಹಾಗೆಯೇ ಬಿಟ್ಟು ಸ್ಟೈಪೆಂಡನ್ನು ಮಾತ್ರ ಏರಿಸಿದರೆ ಐಟಿಐ ಮಕ್ಕಳ ಮೇಲಿನ ಈ ಅಂತರ ಇನ್ನೂ ಹಿಗ್ಗುತ್ತದೆ.

ಎರಡನೆಯ ಕೊರತೆ ವ್ಯವಸ್ಥೆಯ ಸ್ವರೂಪಕ್ಕೇ ಸೇರಿದ್ದು. ಅಪ್ರೆಂಟಿಸ್ ಒಪ್ಪಂದ ಏರ್ಪಡುವುದು ಮಾಲೀಕ ಮತ್ತು ಅಪ್ರೆಂಟಿಸಿನ ನಡುವೆ. ಆ ಹುಡುಗನಿಗೆ ಎರಡು ವರ್ಷ ಫಿಟ್ಟರ್ ಕೆಲಸ ಕಲಿಸಿದ ಐಟಿಐ ಈ ಒಪ್ಪಂದದಲ್ಲಿ ಎಲ್ಲಿಯೂ ಇಲ್ಲ. ಹುಡುಗ ಪಾಸಾದ ದಿನವೇ ನಮ್ಮ ಸಂಬಂಧ ಕಡಿದುಹೋಗುತ್ತದೆ. ಕಾರ್ಖಾನೆಗೆ ಹೋದ ಮೇಲೆ ಅವನನ್ನು ಯಾವ ಯಂತ್ರಕ್ಕೆ ಹಾಕಿದರು, ಮೈಕ್ರೋಮೀಟರ್ ಹಿಡಿಯಲು ಅವನು ತಡವರಿಸಿದನೇ, ಡ್ರಾಯಿಂಗ್ ಓದಲು ಬಾರದೆ ಪೆಚ್ಚಾದನೇ ಎಂಬ ಯಾವ ಸುದ್ದಿಯೂ ನಮಗೆ ಮರಳಿ ಬರುವುದಿಲ್ಲ. ಬಾರದಿರುವುದರಿಂದ ಮುಂದಿನ ಬ್ಯಾಚಿಗೂ ಅದೇ ಪಾಠ, ಅದೇ ತಪ್ಪು. ತರಬೇತಿ ಕೊಡುವವರ ಮತ್ತು ಕೆಲಸ ಕೊಡುವವರ ನಡುವೆ ನಂಟು ಬೆಳೆಯಬೇಕಾದರೆ ಈ ಸುದ್ದಿ ಓಡಾಡಬೇಕು. ಪೋರ್ಟಲು ಅಭ್ಯರ್ಥಿಯನ್ನು ಖಾಲಿ ಜಾಗಕ್ಕೆ ಕೂಡಿಸುತ್ತದೆ, ಸಂಸ್ಥೆಯನ್ನು ಕಾರ್ಖಾನೆಗೆ ಕೂಡಿಸುವುದಿಲ್ಲ. ಉದ್ಯೋಗ ಹುಡುಕುವ ತಾಣವಾಗಿ ನೋಡಿದರೆ ಅದು ಕೆಲಸಕ್ಕೆ ಬರುವಂಥದ್ದು, ಪಾಲುದಾರಿಕೆಯ ಸಾಧನವಾಗಿ ನೋಡಿದರೆ ಅಪೂರ್ಣ. ಕೆಲಸ ಹುಡುಕುವವರಿಗಾಗಿ ಇರುವ ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲಿನ ಬಗ್ಗೆಯೂ ನನ್ನ ಮಾತು ಇದೇ, ಆದ್ದರಿಂದ ಅದನ್ನು ಬೇರೆಯಾಗಿ ಬೆಳೆಸುವುದಿಲ್ಲ.

ಇನ್ನು ಸಣ್ಣ ಕಾರ್ಖಾನೆಯ ಮಾತು. ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ ಮೊದಲಾದ ಕಡೆ ನಮ್ಮ ಮಕ್ಕಳಿಗೆ ನಿಜವಾಗಿ ಕೆಲಸ ಕೊಡುವವರು ಹತ್ತು, ಹನ್ನೆರಡು ಜನರ ಮೆಷಿನ್ ಶಾಪಿನವರು. ಅಂಥ ಕಡೆ ಮಾಲೀಕನೇ ಎಚ್‌ಆರ್, ಮಾಲೀಕನೇ ಸೂಪರ್‌ವೈಸರ್, ಎಷ್ಟೋ ಸಲ ಮಾಲೀಕನೇ ಆಪರೇಟರ್. ಆತನಿಗೆ ಪೋರ್ಟಲಿನಲ್ಲಿ ಲಾಗಿನ್ ಮಾಡಿ ತಿಂಗಳು ತಿಂಗಳು ಹಾಜರಾತಿ ತುಂಬುವ ವ್ಯವಧಾನವಿರುವುದಿಲ್ಲ. ಈ ಹೊರೆ ಹೊರಲೆಂದೇ ತೃತೀಯ ಪಕ್ಷದ ಸಂಯೋಜಕ ಸಂಸ್ಥೆಗಳಿಗೆ ಅವಕಾಶವಿದೆ. ಆದರೆ ಅಂಥವರು ಸಹಜವಾಗಿಯೇ ನೂರಾರು ಅಪ್ರೆಂಟಿಸ್‌ಗಳನ್ನು ಒಮ್ಮೆಗೇ ತೆಗೆದುಕೊಳ್ಳುವ ದೊಡ್ಡ ಕಾರ್ಖಾನೆಗಳತ್ತ ವಾಲುತ್ತಾರೆ. ಒಬ್ಬ ಹುಡುಗ ಬೇಕೆನ್ನುವ ವರ್ಕ್‌ಶಾಪಿನ ಬಾಗಿಲಿಗೆ ಯಾರು ಹೋಗುತ್ತಾರೆ? ಜರ್ಮನಿಯಲ್ಲಿ ಈ ಕೆಲಸವನ್ನು ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳು ಮಾಡುತ್ತವೆ. ಅಲ್ಲಿ ಕಾರ್ಖಾನೆಗಳಿಗೆ ಮಂಡಳಿಯ ಸದಸ್ಯತ್ವ ಕಡ್ಡಾಯ. ಒಪ್ಪಂದ ನೋಂದಾಯಿಸುವುದು, ಕಲಿಸುವವನಿಗೆ ಕಲಿಸುವ ಅರ್ಹತೆಯಿದೆಯೇ ಎಂದು ನೋಡುವುದು, ಕೊನೆಗೆ ಪರೀಕ್ಷೆ ನಡೆಸುವುದು ಎಲ್ಲವೂ ಮಂಡಳಿಯ ಜವಾಬ್ದಾರಿ. ನಮ್ಮಲ್ಲಿ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಇದೆ, ಪೀಣ್ಯ ಕೈಗಾರಿಕಾ ಸಂಘವಿದೆ, ಬಹುತೇಕ ಎಲ್ಲ ಕೈಗಾರಿಕಾ ಪ್ರದೇಶಗಳಲ್ಲೂ ಮಾಲೀಕರ ಸಂಘಗಳಿವೆ. ಪೀಣ್ಯದಲ್ಲಿ ಯಾವ ಶೆಡ್ಡಿನಲ್ಲಿ ಯಾವ ಯಂತ್ರವಿದೆಯೆಂದು ಬಲ್ಲ ಇಂಥ ಸಂಘಗಳಿಗೆ ಶಾಸನಬದ್ಧ ಪಾತ್ರವನ್ನೂ, ಒಬ್ಬ ಪೂರ್ಣಾವಧಿ ಅಪ್ರೆಂಟಿಸ್ ಸಂಯೋಜಕನ ಸಂಬಳವನ್ನೂ ಕೊಟ್ಟಿದ್ದರೆ ಸಣ್ಣವರ ಸಮಸ್ಯೆ ಅರ್ಧ ಕರಗುತ್ತಿತ್ತೆಂದು ನನ್ನ ದೃಢವಾದ ಅಭಿಪ್ರಾಯ.

ಈಗ ಜೋಡಿ ತರಬೇತಿಗೆ ಬರೋಣ. ಇದು ಪಾಸಾದ ಮೇಲಿನ ವ್ಯವಸ್ಥೆಯಲ್ಲ, ಕಲಿಯುತ್ತಿರುವಾಗಿನ ವ್ಯವಸ್ಥೆ. ಐಟಿಐ ಮತ್ತು ಕಾರ್ಖಾನೆ ಒಡಂಬಡಿಕೆ ಮಾಡಿಕೊಳ್ಳುತ್ತವೆ. ಒಂದು ವರ್ಷದ ಟ್ರೇಡಿನಲ್ಲಿ ಮೂರರಿಂದ ಆರು ತಿಂಗಳು, ಎರಡು ವರ್ಷದ ಟ್ರೇಡಿನಲ್ಲಿ ಆರರಿಂದ ಹನ್ನೆರಡು ತಿಂಗಳು ಮಕ್ಕಳು ಕಾರ್ಖಾನೆಯಲ್ಲಿ ಕಳೆಯುತ್ತಾರೆ. ಉಳಿದ ಕಾಲ ಸಂಸ್ಥೆಯಲ್ಲಿ ಸಿದ್ಧಾಂತ, ಲೆಕ್ಕ, ಡ್ರಾಯಿಂಗ್ ಮತ್ತು ಪ್ರಾಥಮಿಕ ಕೈಕೆಲಸ. ಹುಡುಗ ಈ ಅವಧಿಯಲ್ಲಿ ಪೂರ್ತಿಯಾಗಿ ನಮ್ಮ ವಿದ್ಯಾರ್ಥಿಯೇ. ಹಾಗಾಗಿ ಅವನನ್ನು ನೋಡಲು ಹೋಗುವ ಹಕ್ಕೂ, ಕೇಳುವ ಹಕ್ಕೂ ನಮಗಿರುತ್ತದೆ. ಅಪ್ರೆಂಟಿಸ್‌ಶಿಪ್ಪಿನಲ್ಲಿ ಕಾಣೆಯಾಗಿದ್ದ ಕೊಂಡಿ ಇಲ್ಲಿ ಇರುವುದು ಈ ಕಾರಣಕ್ಕೆ.

ಇದರ ಪರಿಣಾಮವನ್ನು ಪಾಠದ ಕೋಣೆಯಲ್ಲಿಯೇ ಕಾಣಬಹುದು. ಸಂಸ್ಥೆಯ ಕಾರ್ಯಾಗಾರದಲ್ಲಿ ಫಿಟ್ಟರ್ ಹುಡುಗ ಮಾಡುವ ಜಾಬು ಚೌಕದ ತುಂಡಿಗೆ ಅರ ಹಿಡಿಯುವುದು, ಎರಡು ತುಂಡುಗಳನ್ನು ಒಂದಕ್ಕೊಂದು ಕೂರಿಸುವುದು. ಕೆಟ್ಟರೆ ಇನ್ನೊಂದು ತುಂಡು ಕೊಡುತ್ತೇವೆ. ಕಾರ್ಖಾನೆಯಲ್ಲಿ ಕೆಟ್ಟರೆ ಅದು ರಿಜೆಕ್ಷನ್, ಅದಕ್ಕೊಂದು ಕೆಂಪು ಚೀಟಿ, ಅದಕ್ಕೆ ಉತ್ತರ ಕೊಡುವ ಒಬ್ಬ ಮನುಷ್ಯ. ಮೊದಲ ಅವಧಿ ಮುಗಿಸಿ ಮರಳಿದ ಮಕ್ಕಳು ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಪಾಠವನ್ನು ಮೊದಲ ಸಲ ಕಿವಿಗೊಟ್ಟು ಕೇಳುವುದನ್ನು ನೋಡಿದ್ದೇನೆ. ಬೆಳಗಿನ ಶಿಫ್ಟಿಗೆ ಸಮಯಕ್ಕೆ ಗೇಟಿನಲ್ಲಿರುವುದು, ಸೇಫ್ಟಿ ಶೂ ಇಲ್ಲದೆ ಒಳಗೆ ಕಾಲಿಡದಿರುವುದು, ಯಂತ್ರ ಕೆಟ್ಟರೆ ಮುಚ್ಚಿಡದೆ ಹೇಳುವುದು ಇವೆಲ್ಲ ಕರಿಹಲಗೆಯ ಮೇಲೆ ಬರೆದರೆ ಬರುವ ವಿದ್ಯೆಗಳಲ್ಲ. ಕಲಿಸುವ ನಮಗೂ ಅಷ್ಟೇ ಲಾಭ. ಕಾರ್ಖಾನೆಯವರು ಯಾವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಕಂಟ್ರೋಲರ್ ಬಳಸುತ್ತಿದ್ದಾರೆ, ಯಾವ ಅಳತೆಯ ಉಪಕರಣ ಬಳಸುತ್ತಿದ್ದಾರೆ ಎಂದು ಕಣ್ಣಾರೆ ಕಂಡು ಬಂದ ತರಬೇತಿ ಅಧಿಕಾರಿಯ ಪಾಠ ಬೇರೆಯೇ ಆಗಿರುತ್ತದೆ.

ಆದರೂ ಈ ವ್ಯವಸ್ಥೆ ಒಳ್ಳೆಯದಾಗುವುದೋ ಕೆಡುವುದೋ ಒಡಂಬಡಿಕೆಯಲ್ಲಿ ಏನು ಬರೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ನಾನು ಕಂಡ ಒಂದು ಕಡೆ, ಆರು ತಿಂಗಳ ಕೈಗಾರಿಕಾ ಅವಧಿಯಲ್ಲಿ ಮಕ್ಕಳು ಪ್ಯಾಕಿಂಗ್ ವಿಭಾಗದ ಆಚೆಗೆ ಹೋಗಲೇ ಇಲ್ಲ. ಆರ್ಡರು ಒತ್ತಡದಲ್ಲಿತ್ತು, ಕೈಗಳು ಬೇಕಾಗಿದ್ದವು, ಮಕ್ಕಳನ್ನು ಅಲ್ಲಿ ನಿಲ್ಲಿಸಿದರು. ಅವರ ಟ್ರೇಡು ಮೆಷಿನಿಸ್ಟ್. ಒಡಂಬಡಿಕೆಯಲ್ಲಿ ಇದ್ದದ್ದು "ಕೈಗಾರಿಕಾ ತರಬೇತಿ ನೀಡತಕ್ಕದ್ದು" ಎಂಬ ಒಂದೇ ಸಾಲು; ಅದನ್ನು ಹಿಡಿದು ಯಾರನ್ನೂ ಕೇಳುವಂತಿರಲಿಲ್ಲ. ಆದ್ದರಿಂದ ಒಡಂಬಡಿಕೆಗೆ ಸಹಿ ಹಾಕುವ ಮುನ್ನ, ಪಠ್ಯದ ಯಾವ ಅಭ್ಯಾಸಗಳನ್ನು ಕಾರ್ಖಾನೆಯ ಯಾವ ವಿಭಾಗದಲ್ಲಿ, ಎಷ್ಟು ವಾರ ಕಲಿಸುತ್ತೀರಿ ಎಂಬ ಪಟ್ಟಿಯನ್ನು ಇಬ್ಬರೂ ಒಟ್ಟಿಗೆ ಕುಳಿತು ಮಾಡಿ ಅದನ್ನು ಒಡಂಬಡಿಕೆಯ ಭಾಗವಾಗಿಸಬೇಕು. ಮಕ್ಕಳ ಹೊಣೆ ಹೊರುವ ಒಬ್ಬ ಹಿರಿಯ ಕೆಲಸಗಾರನನ್ನು ಹೆಸರಿಸಿ, ಅವನ ಉತ್ಪಾದನಾ ಗುರಿಯನ್ನು ಆ ಮಟ್ಟಿಗೆ ಇಳಿಸಲು ಕಾರ್ಖಾನೆ ಒಪ್ಪಬೇಕು. ಈ ಎರಡನೆಯ ಮಾತಿಗೆ ಒಪ್ಪದ ಕಾರ್ಖಾನೆಯ ಜತೆ ಒಡಂಬಡಿಕೆ ಮಾಡಿಕೊಳ್ಳದಿರುವುದೇ ಲೇಸು. ದಿನಕ್ಕೆ ಇಷ್ಟು ಪೀಸು ತೆಗೆಯಲೇಬೇಕೆಂಬ ಒತ್ತಡದಲ್ಲಿರುವ ಆಪರೇಟರಿಗೆ ಪಕ್ಕದಲ್ಲಿ ನಿಂತ ಹುಡುಗ ಅಡ್ಡಿಯಾಗಿಯೇ ಕಾಣುತ್ತಾನೆ. ಅವನು ಕೆಟ್ಟವನೆಂದಲ್ಲ, ಅವನಿಗೆ ಕಲಿಸಲು ಬಿಡುವು ಕೊಟ್ಟಿಲ್ಲ. ಊಟ, ಬಸ್ಸು, ವಿಮೆ, ತಿಂಗಳ ಭತ್ಯೆಯ ವಿಷಯಗಳನ್ನೂ ಬಾಯಿಮಾತಿಗೆ ಬಿಡದೆ ಬರೆದುಕೊಳ್ಳಬೇಕು.

ವಿಮೆಯ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಅಪ್ರೆಂಟಿಸ್ ಕಾಯ್ದೆಯಡಿ ಬಂದವರಿಗೆ ಭವಿಷ್ಯ ನಿಧಿ ಮತ್ತು ಇಎಸ್‌ಐ ಅನ್ವಯವಾಗುವುದಿಲ್ಲ, ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆಯನ್ನು ಕಾಯ್ದೆ ಮಾಲೀಕನ ಮೇಲೆ ಹೊರಿಸಿದೆ. ಜೋಡಿ ತರಬೇತಿಯ ಮಗು ಅಪ್ರೆಂಟಿಸ್ ಅಲ್ಲ, ವಿದ್ಯಾರ್ಥಿ. ಪವರ್ ಪ್ರೆಸ್ ಇರುವ, ಫರ್ನೇಸ್ ಇರುವ ಜಾಗಕ್ಕೆ ಹದಿನೇಳು ವರ್ಷದ ಹುಡುಗನನ್ನು ಕಳಿಸುವ ಮುನ್ನ ಅವನ ಅಪಘಾತ ವಿಮೆ ಯಾರ ಹೆಸರಿನಲ್ಲಿದೆ, ಕಂತು ಯಾರು ಕಟ್ಟಿದ್ದಾರೆ ಎಂಬುದನ್ನು ಪ್ರಾಂಶುಪಾಲರು ತಮ್ಮ ಕಣ್ಣಿನಿಂದಲೇ ನೋಡಬೇಕು. ಹೆತ್ತವರು ನಮ್ಮನ್ನು ನಂಬಿ ಮಕ್ಕಳನ್ನು ಕಳಿಸಿರುತ್ತಾರೆ.

ಜೋಡಿ ತರಬೇತಿಯ ಇನ್ನೊಂದು ಮಿತಿ ಊರಿನದು. ಬಿಡದಿ, ದಾಬಸ್‌ಪೇಟೆ, ನರಸಾಪುರ, ಜಿಗಣಿಯಂಥ ಕಡೆ ಸಂಸ್ಥೆಯ ಸುತ್ತಲೇ ಕಾರ್ಖಾನೆಗಳಿರುತ್ತವೆ. ಯಾದಗಿರಿಯ ಅಥವಾ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಐಟಿಐಗೆ ಹತ್ತಿರದಲ್ಲಿ ಇರುವುದು ನಾಲ್ಕು ಗ್ಯಾರೇಜು, ಎರಡು ವೆಲ್ಡಿಂಗ್ ಶಾಪು, ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿ. 2022ರಲ್ಲಿ ಪರಿಷ್ಕರಿಸಿದ ಪಠ್ಯದಲ್ಲಿ ವರ್ಷಕ್ಕೆ 150 ಗಂಟೆ ಕಾರ್ಖಾನೆಯಲ್ಲಿ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್ ಎಂದಿದೆ. ಈ "ಅಥವಾ" ಇಟ್ಟದ್ದು ಇಂಥ ದೂರದ ಊರಿನವರ ಅನುಕೂಲಕ್ಕೆ. ಆದರೆ ಕಾರ್ಖಾನೆಯ ಬಾಗಿಲು ತಟ್ಟುವ ಶ್ರಮಕ್ಕಿಂತ ಪ್ರಾಜೆಕ್ಟ್ ವರದಿ ಬರೆಸುವುದು ಸುಲಭವಾದ್ದರಿಂದ, ಕೈಗಾರಿಕಾ ಪ್ರದೇಶದ ಪಕ್ಕದಲ್ಲಿರುವವರೂ ಅದನ್ನೇ ಆರಿಸಿಕೊಳ್ಳುವುದುಂಟು. ಕಾರ್ಖಾನೆಗಳಿರುವ ತಾಲ್ಲೂಕುಗಳಲ್ಲಿ ಈ ಆಯ್ಕೆಯನ್ನು ತೆಗೆದುಹಾಕಿ, ಇಲ್ಲದ ತಾಲ್ಲೂಕಿನ ಮಕ್ಕಳಿಗೆ ಕೈಗಾರಿಕಾ ಊರಿನಲ್ಲಿ ಎರಡು ಮೂರು ತಿಂಗಳ ಹಾಸ್ಟೆಲ್ ಒದಗಿಸಿದರೆ ಆ ಖರ್ಚು ಸಾರ್ಥಕ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹಾಸ್ಟೆಲ್ ಮತ್ತು ಬಸ್ಸು ಇಲ್ಲದೆ ಉಳಿದ ಮಾತೆಲ್ಲ ವ್ಯರ್ಥ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಅವರನ್ನೇ ಹುಡುಕಿಕೊಂಡು ಬರುತ್ತಿರುವಾಗಲೂ ಮನೆಯವರ ಮೊದಲ ಪ್ರಶ್ನೆ "ಎಲ್ಲಿ ಉಳಿಯುತ್ತಾಳೆ?" ಎಂಬುದೇ.

ಈ ಎರಡು ವ್ಯವಸ್ಥೆಗಳನ್ನು ತೂಗಿ ನೋಡುವುದಕ್ಕೆ ಹಿಂದಿನ ಒಂದು ಪ್ರಯತ್ನವನ್ನು ನೆನೆಯಬೇಕು. 2007ರಲ್ಲಿ ಕೇಂದ್ರ ಸರ್ಕಾರ ದೇಶದ 1,396 ಸರ್ಕಾರಿ ಐಟಿಐಗಳನ್ನು ಸಾರ್ವಜನಿಕ-ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೆ ಏರಿಸಲು ಹೊರಟಿತು. ಪ್ರತಿ ಐಟಿಐಗೆ ಒಂದು ಸಂಸ್ಥಾ ನಿರ್ವಹಣಾ ಸಮಿತಿ, ಅದಕ್ಕೆ ಉದ್ಯಮ ಪಾಲುದಾರನೇ ಅಧ್ಯಕ್ಷ, ಸಮಿತಿಗೆ ಎರಡೂವರೆ ಕೋಟಿ ರೂಪಾಯಿ ಬಡ್ಡಿರಹಿತ ಸಾಲ. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಪಾಲುದಾರಿಕೆ ಇರಲಾರದು. ಅಧ್ಯಕ್ಷರು ಆಸಕ್ತಿ ವಹಿಸಿದ ಕಡೆ ನಿಜವಾಗಿಯೂ ಒಳ್ಳೆಯ ಕೆಲಸಗಳಾದವು. ಉಳಿದ ಕಡೆ ಸಭೆ ಸೇರಿ ಯಂತ್ರಗಳ ಖರೀದಿಗೆ ಒಪ್ಪಿಗೆ ಕೊಡುವುದಕ್ಕೆ ಸಮಿತಿ ಸೀಮಿತವಾಯಿತು. ಅಧ್ಯಕ್ಷರ ಕಾರ್ಖಾನೆ ಆ ಸಂಸ್ಥೆಯಿಂದ ಎಷ್ಟು ಮಕ್ಕಳನ್ನು ತೆಗೆದುಕೊಂಡಿತು ಎಂಬ ಪ್ರಶ್ನೆಯನ್ನು ಯೋಜನೆ ಒತ್ತಿ ಕೇಳಲಿಲ್ಲ.

ನಮ್ಮ ರಾಜ್ಯದ್ದೇ ಆದ ದೊಡ್ಡ ಹೆಜ್ಜೆ, ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳನ್ನಾಗಿ ಪರಿವರ್ತಿಸಿದ್ದು. ಸುಮಾರು 4,700 ಕೋಟಿ ರೂಪಾಯಿಯ ಈ ಯೋಜನೆ 2022ರ ಜೂನ್ 20ರಂದು ಲೋಕಾರ್ಪಣೆಯಾಯಿತು. ಸಿಎನ್‌ಸಿ ಯಂತ್ರ, ರೊಬೊಟಿಕ್ಸ್, ತ್ರೀಡಿ ಪ್ರಿಂಟಿಂಗ್, ವಿದ್ಯುತ್ ವಾಹನಗಳ ಪ್ರಯೋಗಾಲಯ ತಾಲ್ಲೂಕು ಮಟ್ಟದ ಮಕ್ಕಳ ಕೈಗೆ ಸಿಕ್ಕಿರುವುದು ಹೆಮ್ಮೆಯ ಸಂಗತಿ. ಹಳೆಯ ಲೇತುಗಳ ಮುಂದೆ ಮೂವತ್ತು ವರ್ಷ ಪಾಠ ಮಾಡಿದ ಹಿರಿಯರಿಗೆ ಇದರ ಬೆಲೆ ಗೊತ್ತು. ಆದರೆ ಯಂತ್ರ ಮತ್ತು ತಂತ್ರಾಂಶ ಒದಗಿಸುವ ಪಾಲುದಾರ ಬೇರೆ, ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಪಾಲುದಾರ ಬೇರೆ. ಮೊದಲನೆಯವನು ಬಂದು ಯಂತ್ರ ಕೂರಿಸಿ, ಬೋಧಕರಿಗೆ ಕಲಿಸಿ, ಕರಾರಿನ ಅವಧಿ ಮುಗಿದ ಮೇಲೆ ಹೊರಡುತ್ತಾನೆ. ಎರಡನೆಯವನು ಅದೇ ಜಿಲ್ಲೆಯಲ್ಲಿ, ಹತ್ತು ಕಿಲೋಮೀಟರ್ ದೂರದಲ್ಲಿ ಶೆಡ್ಡು ಹಾಕಿಕೊಂಡಿರುತ್ತಾನೆ. ಆ ಪ್ರಯೋಗಾಲಯಗಳನ್ನು ಸಂಜೆಯ ಹೊತ್ತು ಸುತ್ತಲಿನ ಸಣ್ಣ ಕಾರ್ಖಾನೆಗಳ ಬಿಡಿಭಾಗ ತಯಾರಿಗೆ, ಅಳತೆ ಪರಿಶೀಲನೆಗೆ, ಅವರ ಕೆಲಸಗಾರರ ಮರುತರಬೇತಿಗೆ ತೆರೆದಿಟ್ಟರೆ ಎರಡನೆಯವನು ತಾನಾಗಿಯೇ ಒಳಗೆ ಬರುತ್ತಾನೆ.

ಇದು ಬರೀ ಕಲ್ಪನೆಯಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎಂದು ಕರೆಯುವ ಸಂಸ್ಥೆ, ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು ಇದನ್ನೇ. ಅಲ್ಲಿ ತರಬೇತಿ ನಡೆಯುವ ಚಾವಣಿಯಡಿಯೇ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಡೈ, ನಿಖರ ಬಿಡಿಭಾಗಗಳು ತಯಾರಾಗುತ್ತವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದ ವಿದ್ಯಾರ್ಥಿ ಮೂರು ವರ್ಷ ಅಲ್ಲಿ ಕಲಿತು, ನಾಲ್ಕನೆಯ ವರ್ಷ ಕಡ್ಡಾಯವಾಗಿ ಕಾರ್ಖಾನೆಯಲ್ಲಿ ಕಳೆಯುತ್ತಾನೆ. ಕೆಲಸದ ಆರ್ಡರು ಕೊಡಲು ಬರುವ ಗ್ರಾಹಕನೇ ನಾಳೆ ಹುಡುಗನನ್ನು ಕೆಲಸಕ್ಕೆ ಕೇಳುವವನು. ಹೀಗಾಗಿ ಸಂಬಂಧ ಬೆಳೆಸಲು ಬೇರೆ ಸಭೆ ಸಮಾರಂಭ ಬೇಕಾಗುವುದಿಲ್ಲ. ಕರ್ನಾಟಕದಲ್ಲಿ ನಾನು ಕಂಡಿರುವ ಮಾದರಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯದು ಇನ್ನೊಂದು ದಾರಿ. ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನು ಆರಿಸಿ, ಅಲ್ಲಿಯೇ ಉಳಿಸಿಕೊಂಡು, ಮೂರು ವರ್ಷ ವೆಲ್ಡಿಂಗ್, ಪೇಂಟಿಂಗ್, ಅಸೆಂಬ್ಲಿ, ಮೆಕಾಟ್ರಾನಿಕ್ಸ್ ಕಲಿಸುತ್ತಾರೆ. ಶಿಸ್ತು ಮತ್ತು ಗುಣಮಟ್ಟದಲ್ಲಿ ಅದಕ್ಕೆ ಸಾಟಿಯಿಲ್ಲ, ಹೆಣ್ಣುಮಕ್ಕಳಿಗೂ ಅವಕಾಶ ಕೊಟ್ಟಿರುವುದು ಇನ್ನೂ ಒಳ್ಳೆಯದಾಯಿತು. ಆದರೆ ಒಂದು ದೊಡ್ಡ ಕಂಪನಿ ತಾನೇ ಶಾಲೆ ನಡೆಸುವ ಈ ಮಾದರಿಯನ್ನು ಹನ್ನೆರಡು ಜನರ ಕಾರ್ಖಾನೆಯವರು ಅನುಸರಿಸಲು ಸಾಧ್ಯವಿಲ್ಲ.

ಹೊಸದಾಗಿ ಬಂದಿರುವುದು 2025ರ ಅಕ್ಟೋಬರ್ 4ರಂದು ಆರಂಭವಾದ, ಐಟಿಐಗಳನ್ನು ಮೇಲ್ದರ್ಜೆಗೆ ಏರಿಸುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸೇತು. ಐದು ವರ್ಷದಲ್ಲಿ 60,000 ಕೋಟಿ ರೂಪಾಯಿ. ಕೇಂದ್ರದ್ದು 30,000, ರಾಜ್ಯಗಳದ್ದು 20,000, ಉದ್ಯಮದ್ದು 10,000 ಕೋಟಿ. 200 ಐಟಿಐಗಳು ಕೇಂದ್ರಬಿಂದುಗಳು, ಅವುಗಳ ಸುತ್ತ 800 ಐಟಿಐಗಳು, ಪ್ರತಿ ಗುಂಪಿನ ಆಡಳಿತಕ್ಕೆ ಉದ್ಯಮದ ನಾಯಕತ್ವದ ವಿಶೇಷ ಸಂಸ್ಥೆ. ಹಣ ಹೂಡಿದ ಉದ್ಯಮಕ್ಕೆ ಆಡಳಿತದಲ್ಲಿ ನಿಜವಾದ ಅಧಿಕಾರ ಸಿಗುವುದರಿಂದ 2007ರ ಸಮಿತಿಗಳಿಗಿಂತ ಇದು ಮುಂದಿನ ಹೆಜ್ಜೆ. ಇನ್ನೂ ಎಳೆಯದಾದ ಯೋಜನೆಗೆ ಅಂಕ ಕೊಡುವುದು ನ್ಯಾಯವಲ್ಲ. ಆದರೆ ನನ್ನ ಕಳವಳವೊಂದನ್ನು ದಾಖಲಿಸಬೇಕು. ಗುಂಪಿನ ಪ್ರಮುಖ ಉದ್ಯಮ ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ಒಂದು ದೊಡ್ಡ ಕಂಪನಿಯಾದರೆ, ಪಠ್ಯವೂ ಯಂತ್ರವೂ ಆ ಕಂಪನಿಯ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡು, ಸುತ್ತಲಿನ ಫೌಂಡ್ರಿಯವರು, ಗಾರ್ಮೆಂಟ್ಸಿನವರು, ರೈಸ್ ಮಿಲ್ಲಿನ ಎಲೆಕ್ಟ್ರಿಷಿಯನ್ ಬೇಕೆನ್ನುವವರು ಹೊರಗೆ ಉಳಿಯಬಹುದು. ಆಡಳಿತ ಮಂಡಳಿಯಲ್ಲಿ ಸ್ಥಳೀಯ ಸಣ್ಣ ಕೈಗಾರಿಕೆಗಳ ಸಂಘಕ್ಕೆ ಮತದ ಹಕ್ಕಿರುವ ಒಂದು ಸ್ಥಾನ ಇರಲೇಬೇಕು. ಜತೆಗೆ, ಯಂತ್ರಕ್ಕೆ ಇಟ್ಟ ಹಣದ ಒಂದು ಸಣ್ಣ ಪಾಲಾದರೂ ಪ್ರತಿ ಐಟಿಐಗೆ ಒಬ್ಬ ಪೂರ್ಣಾವಧಿ ಉದ್ಯಮ ಸಂಪರ್ಕ ಅಧಿಕಾರಿಯ ಸಂಬಳಕ್ಕೆ ಹೋಗಬೇಕು. ಇಂದು ಆ ಕೆಲಸ ದಿನವಿಡೀ ಪಾಠ ಮಾಡುವ ಕಿರಿಯ ತರಬೇತಿ ಅಧಿಕಾರಿಯೊಬ್ಬರ ಹೆಗಲ ಮೇಲಿದೆ. ಪರೀಕ್ಷೆ ಬಂದಾಗ, ಪ್ರವೇಶ ಬಂದಾಗ, ಚುನಾವಣಾ ಕರ್ತವ್ಯ ಬಂದಾಗ ಮೊದಲು ನಿಲ್ಲುವುದು ಕಾರ್ಖಾನೆ ಭೇಟಿಯೇ.

ಹಾಗಾದರೆ ಯಾರು ಯಾವುದನ್ನು ಆರಿಸಿಕೊಳ್ಳಬೇಕು? 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗೆ ಅಪ್ರೆಂಟಿಸ್ ಯೋಜನೆ ಹೇಗೂ ಕಡ್ಡಾಯ. ದಂಡ ತಪ್ಪಿಸಿಕೊಳ್ಳಲೆಂದು ವರ್ಷದ ಕೊನೆಯಲ್ಲಿ ಸಂಖ್ಯೆ ತುಂಬಿಸುವ ಬದಲು, ಒಂದೇ ಐಟಿಐಯಿಂದ ಪ್ರತಿ ವರ್ಷವೂ ಮಕ್ಕಳನ್ನು ತೆಗೆದುಕೊಳ್ಳುವುದು ಅವರಿಗೇ ಲಾಭ. ಯಾವ ಬೋಧಕ ಏನು ಕಲಿಸುತ್ತಾರೆಂಬುದು ಎರಡನೆಯ ಬ್ಯಾಚಿಗೇ ತಿಳಿದುಬಿಡುತ್ತದೆ. ಕಾಯ್ದೆ ಮಾಲೀಕನನ್ನು ಅಪ್ರೆಂಟಿಸಿಗೆ ನೌಕರಿ ಕೊಡಲೇಬೇಕೆಂದು ಕಟ್ಟಿಹಾಕುವುದಿಲ್ಲ, ಆದರೆ ಎಷ್ಟು ಮಂದಿಯನ್ನು ಉಳಿಸಿಕೊಳ್ಳುತ್ತೇವೆಂದು ಮೊದಲೇ ಹೇಳಿದ ಕಾರ್ಖಾನೆಗೆ ಸಂಸ್ಥೆ ತನ್ನ ಒಳ್ಳೆಯ ಮಕ್ಕಳನ್ನು ಕಳಿಸುತ್ತದೆ, ಇದು ಸ್ವಾಭಾವಿಕ. ನಾಲ್ಕರಿಂದ 29 ಜನರ ವರ್ಕ್‌ಶಾಪಿನವರು ಒಬ್ಬ ಅಪ್ರೆಂಟಿಸಿನಿಂದ ಆರಂಭಿಸಲಿ, ಪೋರ್ಟಲಿನ ಕೆಲಸಕ್ಕೆ ಹತ್ತಿರದ ಐಟಿಐಯವರ ಸಹಾಯ ಕೇಳಲು ಹಿಂಜರಿಯದಿರಲಿ. ನಮ್ಮಲ್ಲಿ ಕಂಪ್ಯೂಟರ್ ಟ್ರೇಡಿನ ಮಕ್ಕಳೇ ಆ ನೋಂದಣಿ ಮಾಡಿಕೊಡುತ್ತಾರೆ.

ಪ್ರಾಂಶುಪಾಲರಿಗಾದರೆ ಜೋಡಿ ತರಬೇತಿಯನ್ನೇ ಶಿಫಾರಸು ಮಾಡುತ್ತೇನೆ. ಎಲ್ಲ ಟ್ರೇಡುಗಳಿಗೂ ಒಮ್ಮೆಗೇ ಕೈಹಾಕದೆ, ಸಂಸ್ಥೆಯ ಸಮೀಪದಲ್ಲಿ ಕಾರ್ಖಾನೆಗಳಿರುವ ಒಂದು ಟ್ರೇಡನ್ನು ಮೊದಲು ಆರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದೆಯೇ ಪ್ರವೇಶದ ಗದ್ದಲ ಶುರುವಾಗುವುದರಿಂದ ಫೆಬ್ರವರಿ, ಮಾರ್ಚಿನಲ್ಲಿಯೇ ಮಾಲೀಕರ ಜತೆ ಮಾತು ಮುಗಿಸಿ, ಅಭ್ಯಾಸಗಳ ಪಟ್ಟಿ ಸಿದ್ಧಪಡಿಸಿ, ಒಡಂಬಡಿಕೆಯನ್ನು ಇಲಾಖೆಗೆ ಸಲ್ಲಿಸಿರಬೇಕು. ಪ್ರವೇಶಕ್ಕೆ ಬರುವ ಹೆತ್ತವರಿಗೆ ಕಾರ್ಖಾನೆಯ ಹೆಸರು, ಅಲ್ಲಿ ಕಳೆಯಬೇಕಾದ ತಿಂಗಳುಗಳು, ಸಿಗುವ ಭತ್ಯೆ, ಬಸ್ಸಿನ ವ್ಯವಸ್ಥೆ ಇಷ್ಟನ್ನೂ ಬರವಣಿಗೆಯಲ್ಲಿ ತೋರಿಸಲು ಆಗ ಸಾಧ್ಯವಾಗುತ್ತದೆ.